ತೋಟಾದೊಳಗಿನ ಮದ್ದಿನ ಅಳತೆ: ನಂಬಬೇಕಾದ ಮೂಲ ಯಾವುದು?

(ಬಂದೂಕು ಪರವಾನಗಿದಾರರು, ರೈತರು ಹಾಗೂ ಗ್ರಾಮ ಪಂಚಾಯಿತಿಗಳ ತಿಳಿವಳಿಕೆಗಾಗಿ)

ಮೆಕ್ಕೆಜೋಳ ತೆನೆಗಟ್ಟುವ ಕಾಲಕ್ಕೆ ಜಿಲ್ಲೆಯ ಹಲವು ಗ್ರಾಮಗಳಲ್ಲಿ ರಾತ್ರಿ ಕಾವಲು ಆರಂಭವಾಗುತ್ತದೆ. ಚನ್ನಗಿರಿ ಮತ್ತು ನ್ಯಾಮತಿ ತಾಲ್ಲೂಕುಗಳ ಕಾಡಂಚಿನಲ್ಲಿ ಹಾಗೂ ಜಗಳೂರು ತಾಲ್ಲೂಕಿನ ಕುರುಚಲು ಗುಡ್ಡಗಳ ಮಗ್ಗುಲಲ್ಲಿ ಕಾಡುಹಂದಿಯ ಹಾವಳಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕುಗಳು ಅಟ್ಟದಿಂದ ಕೆಳಗಿಳಿಯುವುದು ಇದೇ ದಿನಗಳಲ್ಲಿ. ಅದರ ಜೊತೆಗೇ ಒಂದು ಪ್ರಶ್ನೆಯೂ ಕೇಳಿಬರುತ್ತದೆ: ಹಾರಿಸಿದ ತೋಟಾದ ಖಾಲಿ ಕವಚಕ್ಕೆ ಮರಳಿ ಮದ್ದು ತುಂಬಬಹುದೇ? ತುಂಬುವುದಾದರೆ ಎಷ್ಟು?

ಈ ಪ್ರಶ್ನೆಗೆ ಊರಿನಲ್ಲಿ ಉತ್ತರಗಳಿಗೆ ಕೊರತೆಯಿಲ್ಲ. ಹಿಂದೆ ಬೇಟೆಯಾಡುತ್ತಿದ್ದ ಹಿರಿಯರು ಒಂದು ಅಳತೆ ಹೇಳುತ್ತಾರೆ. ಮೊಬೈಲಿನಲ್ಲಿ ಬಂದ ಚಿತ್ರ ಮತ್ತೊಂದು ಅಳತೆ ತೋರಿಸುತ್ತದೆ. ಹೊರದೇಶದಲ್ಲಿರುವ ಬಂಧು ಮೂರನೆಯದನ್ನು ಕಳುಹಿಸುತ್ತಾನೆ. ಈ ಮೂರರಲ್ಲಿ ಯಾವುದನ್ನೂ ನಂಬುವಂತಿಲ್ಲ. ಮದ್ದಿನ ಅಳತೆಯನ್ನು ನಂಬಬೇಕಾದರೆ, ಅದೇ ಮದ್ದು, ಅದೇ ಕವಚ, ಅದೇ ಚರೆಯನ್ನು ಬಳಸಿ ನಳಿಕೆಯೊಳಗಿನ ಒತ್ತಡವನ್ನು ಉಪಕರಣದಿಂದ ಅಳೆದವರ ಲಿಖಿತ ದಾಖಲೆಯಿಂದ ಅದು ಬಂದಿರಬೇಕು. ನಮ್ಮ ಪರವಾನಗಿದಾರನ ಮಟ್ಟಿಗೆ ಅಂತಹ ದಾಖಲೆ ಎಂದರೆ ಕಾರ್ಖಾನೆಯಲ್ಲಿ ತುಂಬಿ ಮುಚ್ಚಿದ ತೋಟಾದ ಪೆಟ್ಟಿಗೆಯೇ. ಮನೆಯಲ್ಲಿ ತೋಟಾ ತುಂಬುವುದು ಅಪಾಯಕರ ಮಾತ್ರವಲ್ಲ, ಕಾನೂನಿನಲ್ಲಿ ಗುರುತರ ಅಪರಾಧವೂ ಹೌದು. ಇದರ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಒತ್ತಡದ ಲೆಕ್ಕ

ತೋಟಾ ಅಥವಾ ಕಾಡತೂಸು ಎಂದು ಕರೆಯುವ ವಸ್ತುವಿನಲ್ಲಿ ಐದು ಭಾಗಗಳಿವೆ: ಹೊರಗಿನ ಕವಚ, ಬುಡದಲ್ಲಿರುವ ಕೇಪು ಅಂದರೆ ಪ್ರೈಮರ್, ಮದ್ದು, ಮದ್ದಿಗೂ ಚರೆಗೂ ನಡುವೆ ಕೂರುವ ವಾಡ್ ಹಾಗೂ ಸೀಸದ ಚರೆ. ಕುದುರೆ ಎಳೆದಾಗ ಕೇಪು ಸಿಡಿದು ಮದ್ದಿಗೆ ಕಿಡಿ ತಾಗುತ್ತದೆ. ಮದ್ದು ಉರಿದು ಅನಿಲವಾಗುತ್ತದೆ, ಅನಿಲದ ಒತ್ತಡ ಚರೆಯನ್ನು ಮುಂದಕ್ಕೆ ತಳ್ಳುತ್ತದೆ. ಇಷ್ಟೆಲ್ಲವೂ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮುಗಿಯುತ್ತದೆ.

ಈ ಒತ್ತಡದ ಪ್ರಮಾಣ ಸಾಮಾನ್ಯ ಕಲ್ಪನೆಗೆ ನಿಲುಕುವಂಥದ್ದಲ್ಲ. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಮಾತ್ರ ಹೆಚ್ಚಿರುತ್ತದೆ. 12 ಬೋರ್ ಬಂದೂಕಿನ ಸಾಮಾನ್ಯ ತೋಟಾಗೆ ಯುರೋಪಿನ ಮಾನಕ ನಿಗದಿಪಡಿಸಿರುವ ಗರಿಷ್ಠ ಮಿತಿ 740 ಬಾರ್. ಬಂದೂಕು ಹಾರಿಸುವವನ ಎಡಗೈ ಈ ಒತ್ತಡ ಹುಟ್ಟುವ ಜಾಗದಿಂದ ಒಂದು ಗೇಣಿನಷ್ಟೇ ದೂರದಲ್ಲಿರುತ್ತದೆ, ಮುಖ ಅದರ ಹಿಂದೆಯೇ ಇರುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಮದ್ದನ್ನು ಒಂದೂವರೆ ಪಟ್ಟು ಹಾಕಿದರೆ ಒತ್ತಡವೂ ಒಂದೂವರೆ ಪಟ್ಟೇ ಆಗುತ್ತದೆ ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೋಟಾದಲ್ಲಿ ಬಳಸುವ ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಆದುದರಿಂದ ಅಳತೆಯಲ್ಲಿ ಆದ ಸಣ್ಣ ಹೆಚ್ಚಳ ಒತ್ತಡದಲ್ಲಿ ದೊಡ್ಡ ಜಿಗಿತವಾಗಬಲ್ಲದು. ಮದ್ದಿನ ತೂಕ ಸರಿಯಾಗಿಯೇ ಇದ್ದು, ಕೇಪು ಬೇರೆಯಾದರೂ, ವಾಡ್ ಬಿಗಿಯಾದರೂ, ಚರೆಯ ತೂಕ ಹೆಚ್ಚಾದರೂ ಒತ್ತಡ ಬದಲಾಗುತ್ತದೆ. ಐದು ಭಾಗಗಳೂ ಸೇರಿದ ಒಟ್ಟು ಜೋಡಣೆಗೆ ಮಾತ್ರ ಅಳತೆ ಎಂಬುದಿದೆ. 'ಇಷ್ಟು ಮದ್ದು' ಎಂಬ ಒಂಟಿ ಅಂಕಿಗೆ ಅರ್ಥವಿಲ್ಲ.

ಹಾರಿಸಿದಾಗ ಬಂದೂಕು ಒಡೆಯಲಿಲ್ಲ ಎಂಬುದು ಅಳತೆ ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಮಿತಿ ಮೀರಿದ ಒತ್ತಡವನ್ನು ಉಕ್ಕು ಹತ್ತು ಬಾರಿ ತಾಳಿಕೊಂಡು ಹನ್ನೊಂದನೆಯ ಬಾರಿ ಬಿರಿಯಬಹುದು. 'ನಮ್ಮ ಅಜ್ಜ ನಲವತ್ತು ವರ್ಷ ಹೀಗೆಯೇ ತುಂಬಿದರು' ಎಂಬ ಮಾತಿನಲ್ಲಿ ಸುಳ್ಳಿಲ್ಲದಿರಬಹುದು, ಆದರೆ ಅಳತೆಯೂ ಇಲ್ಲ.

ಎರಡು ಬಗೆಯ ಮದ್ದು

ಹಳ್ಳಿಗಳಲ್ಲಿ 'ಮದ್ದು' ಎಂಬ ಒಂದೇ ಪದದಿಂದ ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುವುದುಂಟು. ಮೊದಲನೆಯದು ಕರಿಮದ್ದು. ನಳಿಕೆಯ ಬಾಯಿಯಿಂದ ತುಂಬುವ ಕೇಪಿನ ಕೋವಿಗೆ ಬಳಕೆಯಾಗುವುದು ಇದು, ಉರಿದಾಗ ದಟ್ಟ ಹೊಗೆ ಬರುತ್ತದೆ. ಎರಡನೆಯದು ಹೊಗೆರಹಿತ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬ ರಸಾಯನ ತಜ್ಞ ಇದನ್ನು ಬಂದೂಕಿಗೆ ಒಗ್ಗುವಂತೆ ರೂಪಿಸಿದ ನಂತರ ಜಗತ್ತಿನ ತೋಟಾಗಳೆಲ್ಲ ಕ್ರಮೇಣ ಇದಕ್ಕೆ ಬದಲಾದವು. ತೂಕಕ್ಕೆ ತೂಕ ಹೋಲಿಸಿದರೆ ಇದರ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು.

ಅತ್ಯಂತ ಅಪಾಯಕರ ತಪ್ಪು ನಡೆಯುವುದು ಇವೆರಡರ ನಡುವೆಯೇ. ಹಳೆಯ 12 ಬೋರ್ ತೋಟಾವನ್ನು ಬಿಚ್ಚಿ, ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಕರಿಮದ್ದಿನ ಅಳತೆಯಲ್ಲಿ ಸುರಿದರೆ ನಳಿಕೆ ಬುಡದಲ್ಲೇ ಸಿಡಿಯುತ್ತದೆ. ಕೇಪಿನ ಕೋವಿಯ ನಳಿಕೆ ಕರಿಮದ್ದಿನ ಒತ್ತಡಕ್ಕೆಂದು ಮಾಡಿದ್ದು. ಹೊಗೆರಹಿತ ಮದ್ದನ್ನು ಅದಕ್ಕೆ ಯಾವ ಅಳತೆಯಲ್ಲೂ ಹಾಕುವಂತಿಲ್ಲ. 'ಸ್ವಲ್ಪವೇ ಹಾಕಿದರೆ ಆದೀತು' ಎಂಬುದಕ್ಕೂ ಇಲ್ಲಿ ಜಾಗವಿಲ್ಲ. ಪಟಾಕಿಯ ಮದ್ದು, ಕಲ್ಲುಕ್ವಾರಿಯ ಸಿಡಿಮದ್ದು, ಬೆಂಕಿಕಡ್ಡಿಯ ತುದಿ ಇವು ಯಾವುದೂ ಬಂದೂಕಿನ ಮದ್ದಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೂ ಎಳೆಯರಿರುವ ಮನೆಗಳಲ್ಲಿ ಇದನ್ನು ಹೇಳಿಡುವುದು ಒಳ್ಳೆಯದು.

ಗ್ರೇನ್, ಗ್ರಾಂ, ಡ್ರಾಮ್

ಹೊರದೇಶದ ಕೈಪಿಡಿಗಳಲ್ಲಿ ಮದ್ದಿನ ತೂಕವನ್ನು 'ಗ್ರೇನ್' ಎಂಬ ಮಾನದಲ್ಲಿ ಕೊಡುತ್ತಾರೆ. ಒಂದು ಪೌಂಡಿನ 7000ದಲ್ಲಿ ಒಂದು ಪಾಲು ಒಂದು ಗ್ರೇನ್, ಅಂದರೆ 0.0648 ಗ್ರಾಂ. ಅಕ್ಕಸಾಲಿಗರ ಲೆಕ್ಕದಲ್ಲಿ ಇದು ಸುಮಾರು ಅರ್ಧ ಗುಂಜಿಯ ತೂಕ. ಒಂದು ಗ್ರಾಂಗೆ 15.43 ಗ್ರೇನ್ ಆಗುತ್ತದೆ. 'ಜಿ.ಆರ್.' ಎಂಬ ಸಂಕ್ಷೇಪ ಗ್ರೇನನ್ನು ಸೂಚಿಸುತ್ತದೆ, 'ಜಿ' ಎಂಬುದು ಗ್ರಾಂ. ಒಂದನ್ನು ಇನ್ನೊಂದೆಂದು ಓದಿದವನ ಕೈಯಲ್ಲಿ ಅಳತೆ ಹದಿನೈದು ಪಟ್ಟು ತಪ್ಪುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತಪ್ಪು 'ಡ್ರಾಮ್' ಎಂಬ ಪದದಿಂದ ಆಗುತ್ತದೆ. ಕೆಲವು ವಿದೇಶಿ ತೋಟಾ ಪೆಟ್ಟಿಗೆಗಳ ಮೇಲೆ '3 ಡ್ರಾಮ್ ಸಮಾನ' ಎಂಬಂತಹ ಮುದ್ರಣ ಇರುತ್ತದೆ. ಹಿಂದಿನ ಕಾಲದಲ್ಲಿ 3 ಡ್ರಾಮ್ ಕರಿಮದ್ದು ಚರೆಗೆ ಎಷ್ಟು ವೇಗ ಕೊಡುತ್ತಿತ್ತೋ ಅಷ್ಟು ವೇಗ ಈ ತೋಟಾ ಕೊಡುತ್ತದೆ ಎಂಬುದಷ್ಟೇ ಅದರ ಅರ್ಥ. ಪೆಟ್ಟಿಗೆಯೊಳಗಿನ ತೋಟಾದಲ್ಲಿ 3 ಡ್ರಾಮ್ ಮದ್ದು ಇರುವುದಿಲ್ಲ. ಹೊಗೆರಹಿತ ಮದ್ದು ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ ಇರುತ್ತದೆ. ಆ ಮುದ್ರಣವನ್ನು ಮದ್ದಿನ ತೂಕವೆಂದು ತಿಳಿದು ಹೊಗೆರಹಿತ ಮದ್ದನ್ನು 3 ಡ್ರಾಮ್, ಅಂದರೆ ಸುಮಾರು 5.3 ಗ್ರಾಂ ತುಂಬಿದರೆ ಬಂದೂಕು ಉಳಿಯುವುದಿಲ್ಲ. ಅಚ್ಚಾದ ಅಂಕಿಯೂ ಅದನ್ನು ಯಾವ ಉದ್ದೇಶಕ್ಕೆ ಅಚ್ಚು ಮಾಡಿದ್ದಾರೆಂದು ತಿಳಿಯದಿದ್ದರೆ ಅಪಾಯಕಾರಿಯೇ.

ಅಳತೆಗಾಗಿ ಬಳಸುವ ಚಿಪ್ಪು, ಮುಚ್ಚಳ, ಖಾಲಿ ಕವಚ ಮುಂತಾದವು ಗಾತ್ರವನ್ನು ಅಳೆಯುತ್ತವೆಯೇ ಹೊರತು ತೂಕವನ್ನಲ್ಲ. ಒಂದೇ ಮುಚ್ಚಳದಲ್ಲಿ ಒಂದು ಬಗೆಯ ಮದ್ದು ಒಂದು ತೂಕ, ಇನ್ನೊಂದು ಬಗೆಯದು ಮತ್ತೊಂದು ತೂಕ ಹಿಡಿಯುತ್ತದೆ. ಕೀಟನಾಶಕವನ್ನು ಬಾಟಲಿಯ ಚೀಟಿ ನೋಡದೆ ಮುಚ್ಚಳದ ಲೆಕ್ಕದಲ್ಲಿ ಬೆರೆಸುವವನು ಬೆಳೆ ಸುಟ್ಟುಕೊಳ್ಳುತ್ತಾನೆ. ಮದ್ದಿನಲ್ಲಿ ಅದೇ ರೂಢಿ ಕೈ ಅಥವಾ ಕಣ್ಣನ್ನು ತೆಗೆದುಕೊಳ್ಳುತ್ತದೆ.

ಅಳತೆಯನ್ನು ನಿಜವಾಗಿ ಮಾಡುವವರು ಯಾರು?

ಮದ್ದಿನ ಅಳತೆಯನ್ನು ಸಿದ್ಧಪಡಿಸುವ ಪ್ರಯೋಗಾಲಯದಲ್ಲಿ ದಪ್ಪ ಗೋಡೆಯ ಪರೀಕ್ಷಾ ನಳಿಕೆ ಇರುತ್ತದೆ. ಅದರ ಬುಡದಲ್ಲಿ ಒತ್ತಡ ಗ್ರಹಿಸುವ ಪೀಜೋ ಸಂವೇದಕವನ್ನು ಅಳವಡಿಸಿರುತ್ತಾರೆ. ಒಂದೇ ಜೋಡಣೆಯ ಹಲವು ತೋಟಾಗಳನ್ನು ಹಾರಿಸಿ, ಸರಾಸರಿಯನ್ನೂ ಏರಿಳಿತವನ್ನೂ ದಾಖಲಿಸುತ್ತಾರೆ. ಒತ್ತಡದ ಮಿತಿಗಳನ್ನು ನಿಗದಿಪಡಿಸುವ ಸಂಸ್ಥೆಗಳೂ ಇವೆ. ಯುರೋಪಿನಲ್ಲಿ 1914ರಲ್ಲಿ ಬೆಲ್ಜಿಯಂನಲ್ಲಿ ಆರಂಭವಾದ ಸಿ.ಐ.ಪಿ. ಎಂಬ ಅಂತರರಾಷ್ಟ್ರೀಯ ಆಯೋಗವಿದೆ. ಅಮೆರಿಕದಲ್ಲಿ 1926ರಿಂದ ತಯಾರಕರ ಸಂಸ್ಥೆಯಾದ 'ಸಾಮಿ' ಈ ಕೆಲಸ ಮಾಡುತ್ತಿದೆ.

ಅಮೆರಿಕ ಮುಂತಾದ ಕೆಲವು ದೇಶಗಳಲ್ಲಿ ಕಾನೂನು ಅನುಮತಿಸುವುದರಿಂದ ಕ್ರೀಡಾ ಶೂಟರ್‌ಗಳು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವುದುಂಟು. ಅಲ್ಲಿಯೂ ಅನುಭವಿಗಳು ಪಾಲಿಸುವ ಕಟ್ಟಳೆಗಳು ಬಿಗಿಯಾಗಿವೆ. ಅಳತೆಯನ್ನು ಮದ್ದು ತಯಾರಿಸಿದ ಕಂಪನಿಯ ಪ್ರಕಟಣೆಯಿಂದ, ಅಥವಾ ಹಾಡ್ಜ್‌ಡನ್, ಲೈಮನ್, ಹಾರ್ನಡಿ ಮುಂತಾದ ಹೆಸರಾಂತ ಸಂಸ್ಥೆಗಳ ಮುದ್ರಿತ ಕೈಪಿಡಿಯಿಂದ ಮಾತ್ರ ಪಡೆಯುತ್ತಾರೆ. ಒಂದು ಮೂಲದ ಅಂಕಿಯನ್ನು ಮತ್ತೊಂದರೊಡನೆ ತಾಳೆ ನೋಡುತ್ತಾರೆ. ಕೈಪಿಡಿಯ ಹಳೆಯ ಮುದ್ರಣವನ್ನು ಕುರುಡಾಗಿ ಅನುಸರಿಸುವುದಿಲ್ಲ, ಏಕೆಂದರೆ ಮದ್ದಿನ ಹೆಸರು ಅದೇ ಇದ್ದರೂ ಕಾಲಾನಂತರ ತಯಾರಿಕೆ ಬದಲಾಗಿರಬಹುದು. ಚರೆ ತೋಟಾದ ವಿಷಯದಲ್ಲಂತೂ ಕೈಪಿಡಿ ಹೇಳಿದ ಐದು ಭಾಗಗಳಲ್ಲಿ ಒಂದನ್ನೂ ಬದಲಿಸುವುದಿಲ್ಲ. ಪರಿಚಿತರು ಹೇಳಿದ್ದು, ಎಲ್ಲೋ ಓದಿದ್ದು, ತಾನೇ ಊಹಿಸಿದ್ದು ಅಲ್ಲಿಯೂ ಅಳತೆಯೆನಿಸುವುದಿಲ್ಲ.

ಹೊರದೇಶದ ಬಂಧು ಕಳುಹಿಸಿದ ಪುಟ ಸಾಚಾ ಆಗಿರಬಹುದು. ಆದರೆ ಆ ಪುಟದಲ್ಲಿ ಹೆಸರಿಸಿದ ಮದ್ದು, ಕೇಪು, ವಾಡ್ ಇಲ್ಲಿ ಸಿಗುವ ವಸ್ತುಗಳಲ್ಲ. ಪ್ರಯೋಗಾಲಯ ಅಳೆದದ್ದು ಒಂದನ್ನು, ಇಲ್ಲಿ ತುಂಬುವುದು ಇನ್ನೊಂದನ್ನು ಎಂದಾದಾಗ ಆ ಪುಟ ನಮಗೆ ಬರಿಯ ಕಾಗದ. ಅಲ್ಲಿನ ಕಾನೂನು ಅಲ್ಲಿಗೆ, ಇಲ್ಲಿನದು ಇಲ್ಲಿಗೆ ಎಂಬುದನ್ನೂ ಮರೆಯಬಾರದು.

ಕಾನೂನು ಏನು ಹೇಳುತ್ತದೆ?

ಆಯುಧ ಅಧಿನಿಯಮ, 1959ರ ಕಲಂ 3ರಡಿ ಪಡೆಯುವ ಪರವಾನಗಿ ಬಂದೂಕು ಮತ್ತು ಮದ್ದುಗುಂಡನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡಿನ ತಯಾರಿಕೆ, ಮಾರಾಟ, ಪರೀಕ್ಷೆ ಮುಂತಾದವು ಕಲಂ 5ರ ವ್ಯಾಪ್ತಿಗೆ ಬರುತ್ತವೆ. ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಖಾಲಿ ಕವಚಕ್ಕೆ ಕೇಪು, ಮದ್ದು, ಚರೆ ಸೇರಿಸಿ ಹೊಸ ತೋಟಾ ಮಾಡುವುದು ತಯಾರಿಕೆಯೇ ಆಗುತ್ತದೆ. ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳನ್ನು ಸಹ ಅಧಿನಿಯಮದ ವ್ಯಾಖ್ಯೆ 'ಮದ್ದುಗುಂಡು' ಎಂಬುದರೊಳಗೇ ಸೇರಿಸಿದೆ. ಆದುದರಿಂದ ತೋಟಾ ತುಂಬುವ ಕೈಯಂತ್ರವನ್ನು ತರಿಸಿಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಕೂಡ ನಿರುಪದ್ರವಿ ಕೆಲಸವಲ್ಲ.

2019ರ ತಿದ್ದುಪಡಿಯ ನಂತರ, ಕಲಂ 5ನ್ನು ಉಲ್ಲಂಘಿಸಿ ತಯಾರಿಸಿದವರಿಗೆ ಕಲಂ 25ರಡಿ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಮತ್ತು ದಂಡವಿದೆ. ನಾಲ್ಕು ತೋಟಾದ ಹಣ ಉಳಿಸಲು ಹೊರಟ ರೈತ ಈ ಕಲಮಿನಡಿ ನಿಲ್ಲಬೇಕಾಗುತ್ತದೆ ಎಂಬುದು ಬಹುಪಾಲು ಪರವಾನಗಿದಾರರಿಗೆ ತಿಳಿದಿಲ್ಲ.

ಕೊಡಗಿನಲ್ಲಿ ಮನೆಮನೆಗೂ ಕೋವಿಯಿದ್ದು ಅಲ್ಲಿ ಯಾವ ನಿರ್ಬಂಧವೂ ಇಲ್ಲ ಎಂಬ ಮಾತು ನಮ್ಮ ಜಿಲ್ಲೆಯಲ್ಲೂ ಕೇಳಿಬರುತ್ತದೆ. ಕೊಡವ ಸಮುದಾಯದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿ ಪ್ರಸ್ತುತ 2029ರ ಅಕ್ಟೋಬರ್ 31ರವರೆಗೆ ಇದೆ. ರಾಜ್ಯ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಕೋವಿ ಹೊಂದಲು ಪರವಾನಗಿ ಪಡೆಯುವ ವಿಷಯಕ್ಕೆ ಸಂಬಂಧಿಸಿದ್ದು. ಅದನ್ನು ತೋಟಾ ತಯಾರಿಕೆಗೆ ನೀಡಿದ ಅನುಮತಿಯೆಂದು ಅರ್ಥೈಸುವಂತಿಲ್ಲ. ನಮ್ಮ ಜಿಲ್ಲೆಗೆ ಅದು ಅನ್ವಯಿಸುವ ಪ್ರಶ್ನೆಯೂ ಇಲ್ಲ.

ಪರವಾನಗಿದಾರ ಓದಬೇಕಾದ ನಾಲ್ಕು ಕಡೆ

ಹಾಗಾದರೆ ನಮ್ಮ ಪರವಾನಗಿದಾರ ಸುರಕ್ಷಿತ ಮಾಹಿತಿಯನ್ನು ಎಲ್ಲಿ ಹುಡುಕಬೇಕು? ಅವನಿಗೆ ಬೇಕಾದದ್ದು ನಾಲ್ಕು ಕಡೆ ಇದೆ.

1. ಬಂದೂಕಿನ ನಳಿಕೆ. ನಳಿಕೆಯ ಬುಡದಲ್ಲಿ ಬೋರ್, ತೋಟಾ ಕೂರುವ ಚೇಂಬರಿನ ಉದ್ದ ಹಾಗೂ ಒತ್ತಡ ಪರೀಕ್ಷೆಯ ಮುದ್ರೆಗಳನ್ನು ಒತ್ತಿರುತ್ತಾರೆ. ಚೇಂಬರಿನ ಉದ್ದ 65, 70 ಅಥವಾ 76 ಮಿಲಿಮೀಟರ್ ಇರಬಹುದು. ಹಳೆಯ ಬಂದೂಕುಗಳಲ್ಲಿ ಇದನ್ನು ಎರಡೂವರೆ, ಎರಡೂಮುಕ್ಕಾಲು, ಮೂರು ಇಂಚು ಎಂದು ಬರೆದಿರುತ್ತದೆ.

2. ತೋಟಾದ ಪೆಟ್ಟಿಗೆ. ಬೋರ್, ತೋಟಾದ ಉದ್ದ, ಚರೆಯ ಸಂಖ್ಯೆ ಮತ್ತು ತಯಾರಿಕಾ ಲಾಟ್ ವಿವರಗಳು ಇದರ ಮೇಲಿರುತ್ತವೆ. ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ 12 ಬೋರ್ ತೋಟಾಗಳು ನಮ್ಮ ರೈತರಿಗೆ ಪರಿಚಿತ. ಈ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಕೇಂದ್ರ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. ತೋಟಾವನ್ನು ಪೆಟ್ಟಿಗೆಯಿಂದ ತೆಗೆದು ಡಬ್ಬಿಗೆ ಸುರಿದಿಟ್ಟರೆ ಈ ವಿವರಗಳೆಲ್ಲ ಕಳೆದುಹೋಗುತ್ತವೆ. ಕೊನೆಯ ತೋಟಾ ಮುಗಿಯುವವರೆಗೂ ಪೆಟ್ಟಿಗೆಯನ್ನು ಉಳಿಸಿಕೊಳ್ಳಬೇಕು.

3. ಪರವಾನಗಿ ಪುಸ್ತಕ. ಯಾವ ಬಂದೂಕು, ಒಂದು ಬಾರಿಗೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದು ಇದರಲ್ಲಿ ನಮೂದಾಗಿರುತ್ತದೆ. ಖರೀದಿಯನ್ನು ಪರವಾನಗಿ ಹೊಂದಿದ ಮಾರಾಟಗಾರನಿಂದಲೇ ಮಾಡಿ, ಪುಸ್ತಕದಲ್ಲಿ ಬರೆಸಬೇಕು. ಮಿತಿ ಸಾಲದಾದರೆ ಪರವಾನಗಿ ಪ್ರಾಧಿಕಾರವಾದ ಜಿಲ್ಲಾ ದಂಡಾಧಿಕಾರಿಗಳಿಗೆ ಕಾರಣ ಸಹಿತ ಅರ್ಜಿ ಕೊಡಬೇಕು. ಮದ್ದು ತುಂಬಿಕೊಳ್ಳುವುದು ಅದಕ್ಕೆ ಪರಿಹಾರವಲ್ಲ.

4. ತರಬೇತಿ. ಆಯುಧ ನಿಯಮಗಳು, 2016ರ ಪ್ರಕಾರ ಹೊಸ ಅರ್ಜಿದಾರರಿಗೆ ಆಯುಧ ಸುರಕ್ಷತಾ ತರಬೇತಿ ಕಡ್ಡಾಯ. ಜಿಲ್ಲಾ ಪೊಲೀಸ್ ಘಟಕಗಳು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಹಳೆಯ ಪರವಾನಗಿದಾರರೂ ಅದರ ಪ್ರಯೋಜನ ಪಡೆಯುವುದು ಒಳ್ಳೆಯದು. ಊರಿನ ಬಾಯಿಮಾತಿಗೆ ಬದಲಾಗಿ ಕೇಳಿ ತಿಳಿಯಲು ಯೋಗ್ಯರಾದವರು ಅಲ್ಲಿನ ಬೋಧಕರು.

ತೋಟಾ ಸರಿಯಾಗಿ ಕೂತರೆ ಸಾಲದು

ಕಾರ್ಖಾನೆಯ ತೋಟಾವಾದರೂ ಅದು ಬಂದೂಕಿಗೆ ಹೊಂದಬೇಕು. ತೋಟಾದ ಮೇಲೆ ಬರೆದ ಉದ್ದ ಹಾರಿಸಿದ ನಂತರ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿಕೊಂಡಿರುವುದರಿಂದ ಅದು ಗಿಡ್ಡವಾಗಿರುತ್ತದೆ. ಆದುದರಿಂದ 70 ಮಿಲಿಮೀಟರಿನ ತೋಟಾ 65 ಮಿಲಿಮೀಟರಿನ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಮಾತ್ರ ಕವಚದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಚರೆಯ ದಾರಿ ಕಿರಿದಾಗಿ ಒತ್ತಡ ಏರುತ್ತದೆ. 'ಕೂತಿತು, ಆದ್ದರಿಂದ ಸರಿ' ಎಂಬ ತರ್ಕ ಇಲ್ಲಿ ಮೋಸಗೊಳಿಸುತ್ತದೆ.

ಇನ್ನೊಂದು ಎಚ್ಚರಿಕೆ 12 ಮತ್ತು 20 ಬೋರ್ ಎರಡೂ ಇರುವ ಮನೆಗಳಿಗೆ. 20 ಬೋರಿನ ತೋಟಾ 12 ಬೋರಿನ ಚೇಂಬರಿನಲ್ಲಿ ನಿಲ್ಲದೆ ಮುಂದೆ ಜಾರಿ ನಳಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ತೋಟಾ ಹಾಕಿಯೇ ಇಲ್ಲವೆಂದು ಭಾವಿಸಿ ಅದರ ಹಿಂದೆ 12 ಬೋರಿನದನ್ನು ಹಾಕಿ ಹಾರಿಸಿದರೆ ನಳಿಕೆ ಒಡೆಯುತ್ತದೆ. ಈ ಅಪಾಯಕ್ಕಾಗಿಯೇ ತಯಾರಕರು ಸಾಮಾನ್ಯವಾಗಿ 20 ಬೋರಿನ ಕವಚಕ್ಕೆ ಹಳದಿ ಬಣ್ಣ ಕೊಡುತ್ತಾರೆ. ಎರಡನ್ನೂ ಬೇರೆ ಬೇರೆ ಕಡೆ ಇಡಬೇಕು.

ಹಾರಿಸಿದಾಗ ಸದ್ದು ಎಂದಿಗಿಂತ ಕುಗ್ಗಿದ್ದರೆ ಎರಡನೆಯ ಈಡು ಹಾರಿಸಬಾರದು. ವಾಡ್ ನಳಿಕೆಯಲ್ಲೇ ಉಳಿದಿರಬಹುದು. ಬಂದೂಕನ್ನು ಬರಿದು ಮಾಡಿ, ಹಿಂಬದಿಯಿಂದ ನಳಿಕೆಯಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಕುದುರೆ ಎಳೆದರೂ ಹಾರದಿದ್ದರೆ ನಳಿಕೆಯನ್ನು ಜನರಿಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾದು, ಅನಂತರ ಬಿಚ್ಚಬೇಕು.

ಕೇಪಿನ ಕೋವಿ ಇರುವವರಿಗೆ

ಅಧಿನಿಯಮದ ಕಲಂ 13 ನೈಜ ಬೆಳೆ ರಕ್ಷಣೆಗಾಗಿ ನಳಿಕೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಇಂತಹ ಕೋವಿಯನ್ನು ಪ್ರತಿ ಈಡಿಗೂ ಕೈಯಿಂದಲೇ ತುಂಬಬೇಕಾಗುವುದರಿಂದ ಅಳತೆಯ ಪ್ರಶ್ನೆ ಇವರಿಗೆ ನಿತ್ಯದ್ದು. ಇಲ್ಲಿಯೂ ನಂಬಬೇಕಾದ ಅಳತೆ ಆ ಕೋವಿಯ ತಯಾರಕ ಕೊಟ್ಟ ಲಿಖಿತ ಸೂಚನೆ ಮಾತ್ರ. ಅದಿಲ್ಲದ ಹಳೆಯ ಕೋವಿಯನ್ನು ಪರವಾನಗಿ ಪಡೆದ ಬಂದೂಕು ದುರಸ್ತಿಗಾರರಿಗೆ ತೋರಿಸಿ, ನಳಿಕೆಯ ತುಕ್ಕು, ಸವಕಳಿ, ಕೇಪು ಕೂರುವ ಮೊಲೆಯ ಸ್ಥಿತಿಯನ್ನು ಪರೀಕ್ಷಿಸಿಸದೆ ಹಾರಿಸಬಾರದು. ಕರಿಮದ್ದನ್ನು ಪರವಾನಗಿ ಹೊಂದಿದ ಮಾರಾಟಗಾರನಿಂದ ಮೂಲ ಡಬ್ಬಿಯಲ್ಲೇ ಕೊಳ್ಳಬೇಕು. ಮನೆಯಲ್ಲಿ ಅರೆದ ಮದ್ದಿಗೆ ಯಾವ ಅಳತೆಯೂ ಅನ್ವಯಿಸುವುದಿಲ್ಲ, ಅದನ್ನು ತಯಾರಿಸುವುದೇ ಅಪರಾಧ.

ತುಂಬುವಾಗ ಡಬ್ಬಿಯಿಂದ ನೇರವಾಗಿ ನಳಿಕೆಗೆ ಸುರಿಯಬಾರದು. ಹಿಂದಿನ ಈಡಿನ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಇಡೀ ಡಬ್ಬಿ ಹೊತ್ತಿಕೊಳ್ಳುತ್ತದೆ. ಗಜದಿಂದ ತಳ್ಳುವಾಗ ವಾಡ್ ಮತ್ತು ಚರೆ ಮದ್ದಿನ ಮೇಲೆ ಪೂರ್ತಿ ಕೂರಬೇಕು, ನಡುವೆ ಖಾಲಿ ಜಾಗ ಉಳಿದರೆ ನಳಿಕೆ ಉಬ್ಬಿ ಒಡೆಯಬಹುದು. ಈಗಾಗಲೇ ತುಂಬಿದ್ದೇನೆಯೇ ಎಂಬ ಸಂಶಯ ಬಂದರೆ ಮತ್ತೆ ತುಂಬುವ ಮುನ್ನ ಗಜವನ್ನು ಇಳಿಸಿ ನೋಡಬೇಕು. ಖಾಲಿ ನಳಿಕೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆಂದು ಅದರ ಮೇಲೆ ಗುರುತು ಹಾಕಿಟ್ಟುಕೊಂಡರೆ ಎರಡು ಬಾರಿ ಮದ್ದು ತುಂಬುವ ತಪ್ಪು ಕತ್ತಲಲ್ಲೂ ತಿಳಿಯುತ್ತದೆ.

ಅಜ್ಜನ ಕಾಲದ ಬಂದೂಕು

ದಾವಣಗೆರೆಯ ಪಿ.ಜೆ. ಬಡಾವಣೆಯಂತಹ ಹಳೆಯ ಬಡಾವಣೆಗಳಲ್ಲಿ, ಹರಿಹರದ ಹಳೆಯ ಮನೆತನಗಳಲ್ಲಿ, ಹಳ್ಳಿಯ ಜಮೀನಿನ ಜೊತೆಗೆ ಬಂದೂಕೊಂದನ್ನೂ ಪಿತ್ರಾರ್ಜಿತವಾಗಿ ಪಡೆದವರು ಇರಬಹುದು. ಪರವಾನಗಿದಾರ ತೀರಿಕೊಂಡಾಗ ಬಂದೂಕು ಆಸ್ತಿಯಂತೆ ತಾನಾಗಿ ಮಗನಿಗೆ ಬರುವುದಿಲ್ಲ. ಕಲಂ 21ರಂತೆ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರಲ್ಲಿ ಠೇವಣಿ ಇಟ್ಟು, ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೋರಬೇಕು. ಪರವಾನಗಿದಾರನಿಗೆ 70 ವರ್ಷವಾದಾಗ ಅಥವಾ ಅವನು 25 ವರ್ಷ ಬಂದೂಕು ಹೊಂದಿದ್ದಾಗ, ಅವನ ಜೀವಿತಕಾಲದಲ್ಲೇ ವಾರಸುದಾರನಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಜೋಡುನಳಿಕೆ ಬಂದೂಕುಗಳಲ್ಲಿ 65 ಮಿಲಿಮೀಟರಿನ ಚೇಂಬರ್ ಸಾಮಾನ್ಯ. ನಳಿಕೆಯ ಬುಡದಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆಗಳಿರುತ್ತವೆ. 'ನೈಟ್ರೋ ಪ್ರೂಫ್' ಎಂಬ ಮುದ್ರೆ ಇಲ್ಲದಿದ್ದರೆ ಅದು ಕರಿಮದ್ದಿಗೆ ಮಾತ್ರ ಪರೀಕ್ಷೆಗೊಳಗಾದ ನಳಿಕೆ ಆಗಿರಬಹುದು. ನಳಿಕೆಯ ಮೈಮೇಲೆ ಹೆಣೆದಂತೆ ಗೆರೆಗಳು ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಕೆ. ಬೆಸುಗೆಯ ಒಳಗಿನ ತುಕ್ಕು ಹೊರಗೆ ಕಾಣದು. ಇಂತಹ ಬಂದೂಕಿಗೆ ಇಂದಿನ ತೋಟಾ ಹಾಕುವ ಮುನ್ನ ತಜ್ಞರ ಪರೀಕ್ಷೆ ಅನಿವಾರ್ಯ.

ಹಳೆಯ ಮದ್ದು ಮತ್ತು ತೋಟಾಗಳ ವಿಲೇವಾರಿ

ಅಟ್ಟದ ಮೇಲೆ ಸಿಕ್ಕ ಹಸಿರುಗಟ್ಟಿದ, ಊದಿಕೊಂಡ ಅಥವಾ ಒದ್ದೆಯಾದ ತೋಟಾಗಳನ್ನು ಹಾರಿಸುವುದೂ, ಬಿಚ್ಚುವುದೂ, ಸುಡುವುದೂ, ಬಾವಿಗೆ ಎಸೆಯುವುದೂ ಸಲ್ಲದು. ಅವನ್ನು ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಬೇಕು. ಮದ್ದನ್ನು ಮನೆಮಟ್ಟದಲ್ಲಿ ನಾಶಪಡಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ದೊಡ್ಡ ಪ್ರಮಾಣದ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಅಕ್ರಮವಾಗಿ ಇರಿಸಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೊರಟಾಗ ಸ್ಫೋಟವಾಗಿ 6 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಜನವರಿ 21ರ ರಾತ್ರಿ, ನೆರೆಯ ಶಿವಮೊಗ್ಗದ ಹುಣಸೋಡು ಬಳಿ ಕ್ವಾರಿಯ ಸ್ಫೋಟಕಗಳು ಸಿಡಿದ ಕಂಪನ ಸುತ್ತಲ ಜಿಲ್ಲೆಗಳವರೆಗೂ ತಲುಪಿತ್ತು. ಕ್ವಾರಿಯ ಸ್ಫೋಟಕ ಬೇರೆ, ಬಂದೂಕಿನ ಮದ್ದು ಬೇರೆ. ಆದರೆ ಎರಡೂ ಕಡೆ ಸಾವಿಗೆ ದಾರಿ ಮಾಡುವುದು ತಿಳಿಯದವರ ಕೈಗೆ ಸೇರಿದ ಮದ್ದೇ.

ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿಯಿಲ್ಲ

ಬಂದೂಕು ಪರವಾನಗಿ ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಕಾಡುಹಂದಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಎರಡನೆಯ ಅನುಸೂಚಿಯಲ್ಲಿದೆ, ನವಿಲು ಮೊದಲನೆಯದರಲ್ಲಿದೆ. ನಿಂತ ಬೆಳೆಗೆ ಅಪಾಯ ಒಡ್ಡುವ ಎರಡನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಕಲಂ 11ರಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ನೀಡಬಹುದು. ಆ ಆದೇಶವಿಲ್ಲದೆ ಹಾರಿಸಿದ ಈಡು ಅಪರಾಧವಾಗುತ್ತದೆ. ವನ್ಯಜೀವಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೋರುವ ಅವಕಾಶವನ್ನು ರೈತರು ಬಳಸಿಕೊಳ್ಳಬೇಕು. ತಿನಿಸಿನಲ್ಲಿ ಸಿಡಿಮದ್ದು ಹುದುಗಿಸಿ ಹೊಲದ ಬದುವಿನಲ್ಲಿಡುವ ರೂಢಿ ಎಲ್ಲಿಯಾದರೂ ಕಂಡುಬಂದರೆ ಕೂಡಲೇ 112ಕ್ಕೆ ತಿಳಿಸಬೇಕು. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ, ಮೇಯಲು ಬಿಟ್ಟ ಹಸುವಾಗಬಹುದು, ಕೈಗೆತ್ತಿಕೊಂಡ ಮಗುವಾಗಬಹುದು.

ಗ್ರಾಮ ಪಂಚಾಯಿತಿಗಳು ಮಾಡಬಹುದಾದದ್ದು

ಬಿತ್ತನೆ ಮುಗಿದ ನಂತರದ ಗ್ರಾಮಸಭೆಯಲ್ಲಿ ಈ ವಿಷಯವನ್ನು ಹದಿನೈದು ನಿಮಿಷ ಓದಿ ವಿವರಿಸಬಹುದು. ಠಾಣಾ ಸಿಬ್ಬಂದಿಯನ್ನೂ ಅರಣ್ಯ ಸಿಬ್ಬಂದಿಯನ್ನೂ ಆಹ್ವಾನಿಸಿದರೆ ಸಂಶಯಗಳಿಗೆ ಅಲ್ಲಿಯೇ ಉತ್ತರ ಸಿಗುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟ ಬಂದೂಕುಗಳನ್ನು ಮರಳಿ ಪಡೆಯುವಾಗ ನಳಿಕೆಯ ಮುದ್ರೆ, ಚೇಂಬರಿನ ಉದ್ದ ಮತ್ತು ಮನೆಯಲ್ಲಿರುವ ತೋಟಾದ ಉದ್ದ ಹೊಂದುತ್ತವೆಯೇ ಎಂದು ಪರವಾನಗಿದಾರರು ಒಮ್ಮೆ ತಾಳೆ ನೋಡಿಕೊಳ್ಳುವಂತೆ ತಿಳಿಸಬಹುದು. ಮಕ್ಕಳಿಗೆ ಖಾಲಿ ಕವಚವೂ ಆಟಿಕೆಯಲ್ಲ ಎಂದು ಶಾಲೆಗಳಲ್ಲಿ ಹೇಳಿಸಬಹುದು.

ಯಾರೇ ಒಂದು ಅಳತೆ ಹೇಳಿದರೂ ಪರವಾನಗಿದಾರ ಎರಡು ಪ್ರಶ್ನೆ ಕೇಳಬೇಕು: ಇದರ ಒತ್ತಡವನ್ನು ಅಳೆದವರು ಯಾರು? ಅದು ಎಲ್ಲಿ ಬರೆದಿದೆ? ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಅಂಕಿಯನ್ನು ಅಲ್ಲಿಯೇ ಬಿಡಬೇಕು. ಒಂದು ರಾತ್ರಿಯ ಹಾವಳಿಯಲ್ಲಿ ಹೋದ ಮೆಕ್ಕೆಜೋಳವನ್ನು ಮುಂದಿನ ಮುಂಗಾರಿನಲ್ಲಿ ಮತ್ತೆ ಬೆಳೆಯಬಹುದು, ಒಡೆದ ನಳಿಕೆಯಲ್ಲಿ ಹೋದ ಕೈ ಮರಳಿ ಬರುವುದಿಲ್ಲ.